ದಾರಿ ಹೇಳಿದವರು ಯಾರು?

ಪತ್ತೇದಾರಿ ಕಥೆಗಳನ್ನು ಓದುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ತಲೆಮರೆಸಿಕೊಂಡವರು ಸಿಕ್ಕಿಬೀಳಬೇಕಾದರೆ ಯಾರಾದರೊಬ್ಬರು ಸುಳಿವು ಕೊಡಬೇಕು. ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡು ಹೋದ ಹೆಂಗಸಿನ ಕಥೆಯಲ್ಲಿ ಆ ಸುಳಿವು ಕೊಡುವವರು ಬಹುಮಟ್ಟಿಗೆ ಕೇಡಿಗರಲ್ಲ, ಒಳ್ಳೆಯವರು. ಈ ಹೊತ್ತು ಆ ಒಳ್ಳೆಯವರ ವಿಚಾರವಾಗಿಯೇ ನಾಲ್ಕು ಮಾತು.

ಅಮೆರಿಕದ ನ್ಯಾನ್ಸಿ ಪ್ರೈಸ್ ಎಂಬ ಲೇಖಕಿಯ ‘ಸ್ಲೀಪಿಂಗ್ ವಿತ್ ದಿ ಎನಿಮಿ’ ಕಾದಂಬರಿ 1987ರಲ್ಲಿ ಪ್ರಕಟವಾಯಿತು; 1991ರಲ್ಲಿ ಚಲನಚಿತ್ರವಾಯಿತು. ಚಿತ್ರದ ಗಂಡ ಸಿರಿವಂತ, ನಾಲ್ಕು ಜನರೆದುರಿಗೆ ಸಭ್ಯ. ಮನೆಯೊಳಗೆ ಮಾತ್ರ ಟವೆಲ್ಲಿನ ಅಂಚು ಸಮನಾಗಿರದಿದ್ದರೂ ಸಹಿಸದವನು, ಹೆಂಡತಿಯ ಮೇಲೆ ಕೈಮಾಡುವವನು. ಆಕೆಗೆ ನೀರೆಂದರೆ ಭಯವೆಂದು ಅವನ ನಂಬಿಕೆ. ಆಕೆಯೋ ಗುಟ್ಟಾಗಿ ಈಜು ಕಲಿತು, ಒಂದು ಬಿರುಗಾಳಿಯ ರಾತ್ರಿ ದೋಣಿಯಿಂದ ಕಡಲಿಗಿಳಿದು, ಸತ್ತಳೆನಿಸಿಕೊಂಡು ದೂರದ ಊರು ಸೇರುತ್ತಾಳೆ. ಗುಟ್ಟು ಒಡೆದದ್ದು ಹೇಗೆ? ಈಜು ಕಲಿಯುವಲ್ಲಿ ಪರಿಚಯವಾಗಿದ್ದ ಹೆಂಗಸೊಬ್ಬಳು ಗಂಡನಿಗೆ ಟೆಲಿಫೋನಿನಲ್ಲಿ ಸಂತಾಪ ಹೇಳಿದಳು. ಆಕೆಯ ಮನಸ್ಸಿನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ. 1996ರ ಹಿಂದಿ ಚಿತ್ರ ‘ಅಗ್ನಿಸಾಕ್ಷಿ’ಯೂ ಇದೇ ಜಾತಿಯ ಕಥೆ. ಅದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು.

ಈಗ ಇದೇ ಕಥೆ ಹೂವಿನಹಡಗಲಿಯಲ್ಲಿ ನಡೆಯಿತೆಂದು ಭಾವಿಸಿ. ಇಲ್ಲಿ ಕಡಲಿಲ್ಲ, ದೋಣಿ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಬೇಡ. ಹೊರಡುವುದು ಅಷ್ಟರಮಟ್ಟಿಗೆ ಸುಲಭ, ಮರೆಯಾಗಿರುವುದು ಕಷ್ಟ. ಮಲ್ಲಿಗೆ ಮಾರುವವರು, ಬಸ್‌ಸ್ಟ್ಯಾಂಡಿನವರು, ಪಕ್ಕದ ಮನೆಯವರು ಎಲ್ಲರೂ ಅಕ್ಕರೆಯಿಂದಲೇ ಕೇಳುತ್ತಾರೆ: “ಯಾವೂರವ್ವಾ? ಯಾರ ಪೈಕಿ?” ಆ ಉತ್ತರ ಒಂದು ಮದುವೆಯಲ್ಲಿ, ಇಲ್ಲವೆ ಮೈಲಾರದ ಜಾತ್ರೆಯಲ್ಲಿ ಯಾರದೋ ಬಾಯಿಗೆ ಬಿದ್ದು, ತಲುಪಬಾರದವನಿಗೆ ತಲುಪುತ್ತದೆ. “ಪಾಪ, ಹೆಂಡತಿಯನ್ನು ಹುಡುಕುತ್ತಿದ್ದಾನೆ” ಎಂದು ಮರುಗಿ ದಾರಿ ಹೇಳುವವರೂ ಉಂಟು. ಹೆಂಗಸು ಮನೆ ಬಿಟ್ಟ ಮೇಲಿನ ದಿನಗಳೇ ಬಹಳ ಅಪಾಯದವು ಎಂಬುದನ್ನು ಇಂಥವರು ಅರಿಯರು.

ಬಿಟ್ಟು ಹೊರಟವಳು ನಮ್ಮ ನಾಡಿಗೆ ಹೊಸಬಳಲ್ಲ. ಹರಿಹರ ಕವಿಯ ರಗಳೆಯ ಮಹಾದೇವಿಯಕ್ಕ ಕೌಶಿಕನಿಗೆ ಮೊದಲೇ ಕರಾರು ಹಾಕಿದ್ದಳು. ಅವನು ಅದನ್ನು ಮೀರಿದಾಗ ಅರಮನೆಯನ್ನೇ ತೊರೆದು ನಡೆದಳು. ಹಾಗೆ ಹೊರಟವಳನ್ನು ನಾಡು ಅಕ್ಕನೆಂದು ಕರೆಯಿತು.

ಚಿತ್ರದ ನಾಯಕಿಗೆ ಅಡಗಿಕೊಳ್ಳುವುದೊಂದೇ ಉಪಾಯವಾಗಿತ್ತು. ನಮ್ಮ ಕಾನೂನು ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೆಂಗಸು ಸದ್ಯಕ್ಕೆ ಆಶ್ರಯ ಪಡೆದಿರುವ ಊರಿನ ಮ್ಯಾಜಿಸ್ಟ್ರೇಟರಲ್ಲಿಯೇ ಅರ್ಜಿ ಕೊಡಬಹುದು. ಗಂಡನ ಊರಿಗೆ ಮರಳಬೇಕಾಗಿಲ್ಲ. ಅವನು ಆಕೆಯ ಬಳಿಗಾಗಲಿ, ಕೆಲಸದ ಜಾಗಕ್ಕಾಗಲಿ, ಮಕ್ಕಳ ಶಾಲೆಗಾಗಲಿ ಬರಕೂಡದೆಂದು ಆಜ್ಞೆಯಾಗಬಹುದು. ಆ ಆಜ್ಞೆ ಭಾರತದಲ್ಲೆಲ್ಲ ನಡೆಯುತ್ತದೆ. ಮುರಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ವಿಚ್ಛೇದನವಾಗಿದ್ದರೆ? ಅದಕ್ಕೆ ಮುಂಚೆ ನಡೆದ ಹಿಂಸೆಯ ಹೊಣೆ ವಿಚ್ಛೇದನದಿಂದ ಅಳಿಸಿಹೋಗದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ ಬೇರೆಯೇ ಅಪರಾಧ. ಹೆಂಗಸಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಜೀವಕ್ಕೆ ಅಪಾಯವಿದ್ದಾಗ 112.

ಇನ್ನು ನೆರೆಹೊರೆಯವರ ಪಾಲು. ಹಿಂಸೆ ನಡೆಯುತ್ತಿದೆಯೆಂದು ತಿಳಿದ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಆ ಹೊಣೆ ಇದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ದಾವೆಯಿಲ್ಲ, ಮೊಕದ್ದಮೆಯಿಲ್ಲ ಎಂದು ಕಾಯಿದೆಯೇ ಅಭಯ ಕೊಟ್ಟಿದೆ.

ಎಂದರೆ ಬಾಯಿ ಬಿಡಬೇಕಾದ ಜಾಗ ಒಂದಿದೆ, ಬಿಗಿಹಿಡಿಯಬೇಕಾದ ಜಾಗ ಇನ್ನೊಂದಿದೆ. ಅಧಿಕಾರಿಯ ಮುಂದೆ ಆಡಿದ ಮಾತು ಒಂದು ಜೀವವನ್ನು ಉಳಿಸೀತು. ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಅದೇ ಮಾತು ಜೀವಕ್ಕೆ ಎರವಾದೀತು. ಹೊಸದಾಗಿ ಬಂದ ಹೆಂಗಸಿನ ಮನೆ ಎಲ್ಲಿ ಎಂದು ಅಪರಿಚಿತನೊಬ್ಬ ವಿಚಾರಿಸಿದರೆ “ನಮಗೆ ತಿಳಿಯದಪ್ಪಾ” ಎಂದು ಹೇಳಿ, ಅವನು ಬಂದಿದ್ದನೆಂಬ ಸುದ್ದಿಯನ್ನು ಮೊದಲು ಆಕೆಗೆ ಮುಟ್ಟಿಸಿ. ಸುಳ್ಳು ಹೇಳಿದ ಪಾಪ ಅದರಿಂದ ಯಾರಿಗೂ ತಟ್ಟದು.