ಹೈಸ್ಕೂಲಿನ ಹುಡುಗನ ಅನ್ನ



ಒಂದು ವಿದ್ಯಾಶಾಲೆಯ ಚರಿತ್ರೆಯನ್ನು ಹೇಳತಕ್ಕವರು ಸಾಮಾನ್ಯವಾಗಿ ಕಟ್ಟಡದ ಅಸ್ತಿಭಾರದಿಂದ ಮೊದಲುಮಾಡಿ, ಹೆಡ್ ಮಾಸ್ಟರುಗಳ ಹೆಸರುಗಳನ್ನು ವರಸೆಯಾಗಿ ಹೇಳಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯಿಂದ ಮುಗಿಸುವುದು ವಾಡಿಕೆ. ತುಮಕೂರಿನ ಹೈಸ್ಕೂಲನ್ನು ಕುರಿತು ಮಾತನಾಡುವಾಗ ನಾನು ಬೇರೊಂದು ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ. ಆ ಶಾಲೆಗೆ ಹಳ್ಳಿಯಿಂದ ಬಂದ ಹುಡುಗನು ಎಲ್ಲಿ ಮಲಗುತ್ತಿದ್ದನು? ಯಾರ ಮನೆಯಲ್ಲಿ ಉಣ್ಣುತ್ತಿದ್ದನು? ಇದು ವಿದ್ಯೆಗೆ ಸಂಬಂಧಪಡದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಆ ಜಿಲ್ಲೆಯಲ್ಲಿ ಯಾರು ಓದಿದರು, ಯಾರು ಓದದೆ ಉಳಿದರು ಎಂಬುದನ್ನು ನಿಶ್ಚಯಿಸಿದ್ದು ಬಹುಮಟ್ಟಿಗೆ ಈ ಪ್ರಶ್ನೆಯೇ.

ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ವಿದ್ಯೆಯು ಬಂದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರವರು 1833ರಲ್ಲಿ ಮೈಸೂರಿನಲ್ಲಿ ಧರ್ಮಾರ್ಥವಾದ ಒಂದು ಇಂಗ್ಲಿಷ್ ಶಾಲೆಯನ್ನು ತೆರೆದರು. 1858ರಲ್ಲಿ ಬೆಂಗಳೂರಿನ ಹೈಸ್ಕೂಲು ಆರಂಭವಾಯಿತು. ಅದೇ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಬಿ. ಎಲ್. ರೈಸ್ ಅವರು 1868ರಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂಬ ಏರ್ಪಾಡನ್ನು ಮಾಡಿದರು. ಇದರ ಫಲವಾಗಿ ಅಕ್ಷರವೇನೋ ಹಳ್ಳಿಯ ಹತ್ತಿರಕ್ಕೆ ಬಂದಿತು. ತಾಲ್ಲೂಕಿನ ಮುಖ್ಯಸ್ಥಳಗಳಲ್ಲಿ ಕಾಲಕ್ರಮದಲ್ಲಿ ಮಿಡ್ಲ್ ಸ್ಕೂಲುಗಳೂ ಆದುವು. ಹೈಸ್ಕೂಲು ಮಾತ್ರ ಬಹುಕಾಲ ಜಿಲ್ಲೆಯ ಕಸಬೆಯಲ್ಲಿಯೇ ಕುಳಿತಿದ್ದಿತು. ಮೇಲಕ್ಕೆ ಹೋಗಬೇಕೆಂಬ ಹುಡುಗನು ಊರನ್ನು ಬಿಡಲೇಬೇಕಾಗಿದ್ದಿತು.

ಗುಬ್ಬಿಯ ವಿಷಯದಲ್ಲಿ ಒಂದು ವಿನೋದವುಂಟು. ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು 1837ರಷ್ಟು ಹಿಂದೆಯೇ ಅಲ್ಲಿ ಬಿಡಾರ ಹೂಡಿದ್ದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿಯು ಅಲ್ಲಿಗೆ ಬಂದು ಕನ್ನಡವನ್ನು ಕಲಿತು, ಎರಡು ವರ್ಷಗಳಲ್ಲಿ ದೇಹಾಲಸ್ಯದಿಂದ ಸ್ವದೇಶಕ್ಕೆ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ಇಂಗ್ಲಿಷ್ ಓದುಗರಿಗೆ ಗುಬ್ಬಿಯ ಹೆಸರು ಅಷ್ಟು ಬೇಗ ತಿಳಿಯಿತು. ಗುಬ್ಬಿಯ ಹುಡುಗನಿಗೆ ಇಂಗ್ಲಿಷ್ ಹೈಸ್ಕೂಲು ಮಾತ್ರ 12 ಮೈಲಿ ದೂರದಲ್ಲಿಯೇ ಉಳಿಯಿತು. ಆದರೂ ಅವನ ಅದೃಷ್ಟ ದೊಡ್ಡದು. 1884ರಲ್ಲಿ ತುಮಕೂರಿಗೆ ರೈಲು ಬಂದು, ಆ ದಾರಿಯು ಗುಬ್ಬಿಯ ಮೇಲೆಯೇ ಮುಂದೆ ಸಾಗಿತು. ಕುಣಿಗಲಿನ ಹುಡುಗನಿಗೆ ಆ ಭಾಗ್ಯವೂ ಇರಲಿಲ್ಲ. ಜನಪದರ ಹಾಡಿನಲ್ಲಿ ಹೆಸರಾದ ಕೆರೆಯೂ, ಜಾತಿಕುದುರೆಗಳನ್ನು ಸಾಕುವ ಫಾರಮ್ಮೂ ಉಳ್ಳ ಆ ಊರು ತುಮಕೂರಿನಿಂದ 22 ಮೈಲಿ. ಎತ್ತಿನ ಗಾಡಿಗೆ ಒಂದು ರಾತ್ರಿಯ ಪಯಣ. ಕುಣಿಗಲಿಗೆ ರೈಲು ಬಂದದ್ದು ಬೆಂಗಳೂರು-ಹಾಸನದ ನೇರ ಮಾರ್ಗವು ತೆರೆದ 2017ರಲ್ಲಿ ಎಂದರೆ ತಾವು ಆಶ್ಚರ್ಯಪಡುವಿರಿ.

ಹೀಗೆ ಬಂದ ಹುಡುಗರಲ್ಲಿ ಸ್ವಲ್ಪ ಅನುಕೂಲವಿದ್ದವರು ನಾಲ್ಕೈದು ಮಂದಿ ಸೇರಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಒಬ್ಬನು ಬಾವಿಯಿಂದ ನೀರು ಸೇದಬೇಕು, ಒಬ್ಬನು ಒಲೆ ಹಚ್ಚಬೇಕು, ಒಬ್ಬನು ಪಾತ್ರೆ ಬೆಳಗಬೇಕು; ಸರದಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದುಂಟು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಊರ ಕಡೆ ನಡಿಗೆ. ಭಾನುವಾರ ಸಂಜೆಗೋ ಸೋಮವಾರ ಬೆಳಗ್ಗೆಯೋ ಹೆಗಲಿನ ಮೇಲೆ ರಾಗಿಹಿಟ್ಟಿನ ಗಂಟು, ಹುರುಳಿಕಾಳು, ಉಪ್ಪಿನಕಾಯಿಯ ಸಣ್ಣ ಭರಣಿ. ಹಿಟ್ಟು ಗುರುವಾರಕ್ಕೆ ಮುಗಿದರೆ ಶುಕ್ರವಾರ ಏಕಾದಶಿ! ಮುದ್ದೆ ತೊಳಸುವುದನ್ನು ಕಲಿಯುವುದು ಬೀಜಗಣಿತಕ್ಕಿಂತ ಕಷ್ಟವೆಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಿದ್ದರು. ಗಂಟಾದ ಮುದ್ದೆಯನ್ನು ನುಂಗುವವರು ಸಹಪಾಠಿಗಳೇ ಆದುದರಿಂದ ಪರೀಕ್ಷಕರ ಕೊರತೆಯಿರಲಿಲ್ಲ. ರಾತ್ರಿ ಸೀಮೆಯೆಣ್ಣೆ ಬುಡ್ಡಿಯ ಸುತ್ತ ನಾಲ್ಕು ತಲೆಗಳು, ನಡುವೆ ಒಂದೇ ಪಠ್ಯಪುಸ್ತಕ. ಎದುರಿಗೆ ಕುಳಿತವನು ಇಂಗ್ಲಿಷನ್ನು ತಲೆಕೆಳಗಾಗಿಯೇ ಓದುವ ವಿದ್ಯೆಯನ್ನು ಸಾಧಿಸುತ್ತಿದ್ದನಂತೆ. ಸುಗ್ಗಿಯ ಕಾಲದಲ್ಲಿ ಈ ಹುಡುಗರ ಹಾಜರಿ ಕಡಮೆಯಾಗುತ್ತಿದ್ದುದಕ್ಕೆ ಮೇಷ್ಟರುಗಳು ಸೋಮಾರಿತನವೆಂದು ಬರೆದುಕೊಳ್ಳುತ್ತಿದ್ದರು. ಹೊಲದಲ್ಲಿ ರಾಗಿ ಕೊಯ್ಯದಿದ್ದರೆ ಮುಂದಿನ ವಾರದ ಗಂಟು ಎಲ್ಲಿಂದ ಬರಬೇಕು?

ಕೋಣೆ ಹಿಡಿಯಲೂ ಶಕ್ತಿಯಿಲ್ಲದವರಿಗೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಶಿರಸ್ತೇದಾರರ ಮನೆ, ಬುಧವಾರ ಯಾರೋ ಪುಣ್ಯಾತ್ಮರ ಮನೆ. ಹೀಗೆ ಏಳು ದಿನಗಳಿಗೆ ಏಳು ಬಾಗಿಲು. ಆರೇ ಬಾಗಿಲು ದೊರೆತವನಿಗೆ ಏಳನೆಯ ದಿನ ಉಪವಾಸ. ಈ ಪದ್ಧತಿಯನ್ನು ಈಚೆಗೆ ಕೆಲವರು ಬಹಳ ಮಧುರವಾಗಿ ವರ್ಣಿಸುವರು. ಉಣಬಡಿಸಿದ ತಾಯಂದಿರ ಔದಾರ್ಯಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಪಡಸಾಲೆಯಲ್ಲಿ ಎಲೆಗಾಗಿ ಕಾದು ಕುಳಿತ ಹುಡುಗನ ಮನಸ್ಸನ್ನು ಯಾರೂ ಕೇಳಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಬಾಗಿಲುಗಳು ಹೆಚ್ಚಾಗಿ ಬ್ರಾಹ್ಮಣ ಬಾಲಕರಿಗೆ ಮಾತ್ರ ತೆರೆಯುತ್ತಿದ್ದುವು. ಒಕ್ಕಲುಮಗನಾಗಲಿ, ಕುರುಬರ ಹುಡುಗನಾಗಲಿ, ಊರ ಹೊರಗಿನ ಕೇರಿಯ ಮಗುವಾಗಲಿ ಹೀಗೆ ಹೋಗಿ ಕುಳಿತುಕೊಳ್ಳುವಂತಿರಲಿಲ್ಲ. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು, ಸರ್ಕಾರದ ಕೆಲಸಗಳಲ್ಲಿ ಬ್ರಾಹ್ಮಣೇತರರು ಏಕೆ ಇಷ್ಟು ಕಡಮೆ ಎಂಬುದನ್ನು ವಿಚಾರಿಸಿತಷ್ಟೆ. ಆ ಪ್ರಶ್ನೆಯ ಅರ್ಧ ಉತ್ತರವು ಜಿಲ್ಲೆಯ ಕಸಬೆಗಳ ಅಡುಗೆಮನೆಗಳಲ್ಲಿ ಇದ್ದಿತೆಂದು ನನ್ನ ಅಭಿಪ್ರಾಯ. ಬುದ್ಧಿಯ ಕೊರತೆಯಿಂದ ಹಿಂದೆ ಬಿದ್ದವರಿಗಿಂತ ಊಟದ ಕೊರತೆಯಿಂದ ಹಿಂದಿರುಗಿದವರೇ ಹೆಚ್ಚು.

ಇದನ್ನು ಮೊದಲು ಮನಗಂಡವರು ದೊಡ್ಡ ಅಧಿಕಾರಿಗಳೇನೂ ಅಲ್ಲ. ಗುಬ್ಬಿಯ ವರ್ತಕರಾದ ತೋಟದಪ್ಪನವರು ತಮ್ಮ ಸಂಪಾದನೆಯನ್ನು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ಸುರಿದರು. 1903ರಲ್ಲಿ ಆ ಛತ್ರವು ತೆರೆಯಿತು. ಒಕ್ಕಲಿಗರ ಸಂಘವು 1906ರಲ್ಲಿ ಹುಟ್ಟಿ ವಿದ್ಯಾರ್ಥಿನಿಲಯಗಳ ಕೆಲಸಕ್ಕೆ ಕೈಹಾಕಿತು. ಜಾತಿಗೊಂದು ಹಾಸ್ಟೆಲಾದರೆ ಜಾತಿಯೇ ಬಲವಾಗುವುದಿಲ್ಲವೆ ಎಂದು ಆಕ್ಷೇಪಿಸುವವರಿದ್ದಾರೆ. ಆಗುತ್ತದೆ, ಆಗಿದೆ ಕೂಡ. ಆದರೆ ಹಸಿದ ಹುಡುಗನಿಗೆ ಅಂದು ಬೇರೆ ಯಾವ ಬಾಗಿಲನ್ನು ನಾವು ತೋರಿಸುತ್ತಿದ್ದೆವು?

ತುಮಕೂರಿನ ಮಟ್ಟಿಗೆ ಆ ಬೇರೆ ಬಾಗಿಲು ಇದ್ದುದು ಊರಿಂದ ಮೂರು ಮೈಲಿಯಾಚೆ, ಕ್ಯಾತಸಂದ್ರದ ಬಳಿ, ಸಿದ್ಧಗಂಗೆಯ ಬೆಟ್ಟದ ಬುಡದಲ್ಲಿ. ಮಠದಲ್ಲಿ ಬಂದವರಿಗೆ ಅನ್ನವಿಕ್ಕುವ ದಾಸೋಹ ಹಳೆಯದು. ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆಯಾಯಿತು. ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗರಿಗೂ ಅದೇ ಪಂಕ್ತಿಯಲ್ಲಿ ಎಡೆ ದೊರೆಯುತ್ತಿದ್ದಿತು. ಪ್ಲೇಗಿನ ಮಾರಿಯು ಕಸಬೆಗೆ ನುಗ್ಗಿದಾಗ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಕೋಣೆಯ ಹುಡುಗರಿಗೆ ಆಗ ಕೋಣೆಯೂ ಇಲ್ಲ. ಮಾಗಡಿ ತಾಲ್ಲೂಕು ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಎಳೆಯದರಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿಯಲ್ಲಿ ಅಕ್ಕನ ಆಶ್ರಯದಲ್ಲಿ ಓದಿದ ಶಿವಣ್ಣ ಎಂಬ ಬಾಲಕನು ತುಮಕೂರಿನ ಹೈಸ್ಕೂಲು ವ್ಯಾಸಂಗದ ದಿನಗಳಲ್ಲಿ ಸಿದ್ಧಗಂಗೆಯ ನೆರಳನ್ನು ಕಂಡನು. 1926ರಲ್ಲಿ ಮೆಟ್ರಿಕ್ಯುಲೇಷನ್ ಆಯಿತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವನು ತಂಗಿದ್ದುದು ಗುಬ್ಬಿ ತೋಟದಪ್ಪನವರ ಛತ್ರದಲ್ಲಿಯೇ. 1930ರಲ್ಲಿ ಸನ್ಯಾಸ ಸ್ವೀಕರಿಸಿ ಶಿವಕುಮಾರಸ್ವಾಮಿಗಳಾದ ಅವರು 1941ರಲ್ಲಿ ಮಠದ ಪೂರ್ಣ ಹೊಣೆಯನ್ನು ಹೊತ್ತರು. ತಾವು ಉಂಡ ಅನ್ನದ ಲೆಕ್ಕವನ್ನು ಅವರು ಮರೆಯಲಿಲ್ಲ. ಯಾವ ಜಾತಿಯೆಂದು ಕೇಳದೆ ಹುಡುಗರನ್ನು ಸೇರಿಸಿಕೊಂಡರು. ರೈತರ ಮನೆಗಳಿಂದ ಬಂದ ರಾಗಿ, ಕಾಳುಗಳಿಂದಲೇ ಕೊಪ್ಪರಿಗೆಗಳು ತುಂಬಿದುವು. 2019ರ ಜನವರಿ 21ರಂದು ಅವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆ ಮಠದಲ್ಲಿ ಸುಮಾರು 10,000 ಮಕ್ಕಳು ಉಂಡು ಓದುತ್ತಿದ್ದರು.

ಶಾಲೆಯ ಒಳಗಿನ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಎಲ್ಲ ಜಿಲ್ಲಾ ಹೈಸ್ಕೂಲುಗಳಂತೆಯೇ ಇದ್ದಿತು. ನಾಲ್ಕನೆಯ ಫಾರಂನಿಂದ ಆರನೆಯ ಫಾರಂವರೆಗೆ ತರಗತಿಗಳು, ಸಂಜೆಯ ಡ್ರಿಲ್ಲು, ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಒಗೆದ ಪಂಚೆಗಳು, ದೇವರಾಯನದುರ್ಗಕ್ಕೆ ವನಭೋಜನ. ಒಂದು ಕೊರತೆಯನ್ನು ಮಾತ್ರ ಹೇಳದಿರಲಾರೆ. ಹೋಬಳಿ ಶಾಲೆಗಳನ್ನು ಏರ್ಪಡಿಸಿದ ಆ ರೈಸ್ ಅವರೇ ತುಮಕೂರು ಜಿಲ್ಲೆಯ ಶಾಸನಗಳನ್ನು ಹಳ್ಳಿಹಳ್ಳಿಯಿಂದ ಸಂಗ್ರಹಿಸಿ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಅಚ್ಚುಹಾಕಿಸಿದ್ದರು. ಇಂಗ್ಲೆಂಡಿನ ದೊರೆಗಳ ವಂಶಾವಳಿಯನ್ನು ಉರುಹಚ್ಚುತ್ತಿದ್ದ ಹುಡುಗನಿಗೆ, ತನ್ನೂರಿನ ಕೆರೆಯ ಏರಿಯ ಮೇಲಣ ಕಲ್ಲಿನಲ್ಲಿಯೂ ಚರಿತ್ರೆಯಿದೆಯೆಂಬುದನ್ನು ಎಷ್ಟು ಮಂದಿ ಮೇಷ್ಟರು ಹೇಳಿದರೋ!

ಇಲ್ಲಿಯವರೆಗೆ ಹುಡುಗ ಹುಡುಗ ಎಂದೇ ಹೇಳಿದೆನು. ಅದು ಬಾಯಿತಪ್ಪಿ ಬಂದ ಮಾತಲ್ಲ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ತುಮಕೂರಿನಲ್ಲಿಯೂ ವಿಕ್ಟೋರಿಯಾ ರಾಣಿಯ ಚಕ್ರವರ್ತಿನೀ ಬಿರುದನ್ನು ಹೊತ್ತ ಎಂಪ್ರೆಸ್ ಬಾಲಿಕಾ ಶಾಲೆಯು ಊರಿನ ಹೆಣ್ಣುಮಕ್ಕಳಿಗೆ ದೊರೆಯಿತು. ಊರಿನವರಿಗೆ, ಎಂಬುದನ್ನು ಗಮನಿಸಬೇಕು. ಕುಣಿಗಲಿನ ಹುಡುಗಿಯು ಕೋಣೆ ಹಿಡಿದು ಸ್ವಯಂಪಾಕ ಮಾಡಿಕೊಳ್ಳುವಂತಿರಲಿಲ್ಲ, ವಾರಾನ್ನಕ್ಕೆ ಹೋಗುವಂತಿರಲಿಲ್ಲ, ಮಠದ ಪಂಕ್ತಿಯೂ ಅವಳಿಗಿರಲಿಲ್ಲ. ನೆಂಟರ ಮನೆ ಕಸಬೆಯಲ್ಲಿದ್ದರೆ ಅವಳ ಭಾಗ್ಯ. ಇಲ್ಲವಾದರೆ ಮಿಡ್ಲ್ ಸ್ಕೂಲಿನೊಡನೆ ವಿದ್ಯೆ ಸಮಾಪ್ತಿ. ಹೈಸ್ಕೂಲಿನ ದೂರವು ಹುಡುಗನಿಗೆ ಕಷ್ಟವಾಗಿದ್ದಿತು, ಹುಡುಗಿಗೆ ಅದು ಗೋಡೆಯಾಗಿದ್ದಿತು.

ಹೈಸ್ಕೂಲು ಮುಗಿಸಿದವನಿಗಾದರೂ ಮುಂದಿನ ದಾರಿ ಸಲೀಸೆ? ಶಿಕಾರಿಪುರದ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಮಗ, ದಾವಣಗೆರೆ ತುಮಕೂರುಗಳಲ್ಲಿ ಹೈಸ್ಕೂಲನ್ನು ಓದಿ ಎಸ್.ಎಸ್.ಎಲ್.ಸಿ. ಆದಮೇಲೆ, ಬಡತನದಿಂದ ಓದನ್ನು ಕೈಬಿಟ್ಟು ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದನು. ಅಲ್ಲಿಯೇ ಉಳಿದಿದ್ದರೆ ಕಾಗದಪತ್ರಗಳ ನಡುವೆ ಪಿಂಚಣಿಯವರೆಗೆ ಸುಖವಾಗಿ ಇರಬಹುದಾಗಿದ್ದಿತು. ಹೇಗೋ ಮತ್ತೆ ಓದಿಗೆ ಮರಳಿ, 1949ರಲ್ಲಿ ಮೈಸೂರಿನಲ್ಲಿ ಬಿ.ಎ. ಆದ ಆ ತರುಣರೇ ಮುಂದೆ ರಾಷ್ಟ್ರಕವಿಗಳಾದ ಜಿ. ಎಸ್. ಶಿವರುದ್ರಪ್ಪನವರು. ಮರಳಿ ಬಂದವರ ಹೆಸರುಗಳು ನಮಗೆ ಗೊತ್ತು. ತಾಲ್ಲೂಕು ಕಚೇರಿಯಲ್ಲಿಯೇ ಉಳಿದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ.

ಸ್ವಾತಂತ್ರ್ಯಾನಂತರ ಹೈಸ್ಕೂಲೇ ಹುಡುಗನ ಬಳಿಗೆ ಹೊರಟಿತು. ಗುಬ್ಬಿ ಕುಣಿಗಲುಗಳಲ್ಲಿ ಮಾತ್ರವಲ್ಲ, ಹೋಬಳಿಗಳಲ್ಲಿಯೂ ಹೈಸ್ಕೂಲುಗಳಾದುವು. ತುಮಕೂರಿನ ಹೊರವಲಯದ ಗೊಲ್ಲಹಳ್ಳಿಯಲ್ಲಿ ಎಚ್. ಎಂ. ಗಂಗಾಧರಯ್ಯನವರು 1959ರಲ್ಲಿ ಸಿದ್ಧಾರ್ಥ ವಿದ್ಯಾಸಂಸ್ಥೆಯನ್ನು ಹೂಡಿ ಗ್ರಾಮಾಂತರ ಹೈಸ್ಕೂಲನ್ನು ನಡೆಸಿದರು. ಊರ ಹೊರಗಿನ ಕೇರಿಯ ಮಕ್ಕಳಿಗೆ ತಮ್ಮವನೇ ಒಬ್ಬನು ಕಟ್ಟಿದ ಶಾಲೆಯದು. ಸರ್ಕಾರವು ಶಾಲೆಯಲ್ಲಿಯೇ ಮಧ್ಯಾಹ್ನದ ಊಟವನ್ನಿಕ್ಕುವ ಯೋಜನೆಯನ್ನು 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮೊದಲುಮಾಡಿ, ಬಳಿಕ ರಾಜ್ಯಕ್ಕೆಲ್ಲ ಹರಡಿ, ಮುಂದೆ ಹೈಸ್ಕೂಲಿನ ತರಗತಿಗಳಿಗೂ ವಿಸ್ತರಿಸಿತು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರು. ಮಠದ ಪಂಕ್ತಿಯ ಮಾತನ್ನು ಸರ್ಕಾರವು ತನ್ನ ಕಾಗದದಲ್ಲಿ ಬರೆದುಕೊಳ್ಳಲು ಇಷ್ಟು ಕಾಲ ಹಿಡಿಯಿತು! 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಲು ತೊಡಗಿದರು. ಹೆಣ್ಣುಮಕ್ಕಳು ಎರಡು ಜಡೆ ಹಾರಿಸಿಕೊಂಡು ಸಾಲಾಗಿ ಸೈಕಲ್ ತುಳಿಯುತ್ತ ಹೋಬಳಿಯ ಹೈಸ್ಕೂಲಿಗೆ ಹೋಗುವುದನ್ನು ಕಂಡಾಗ, ಹಿಂದೆ ಹೇಳಿದ ಗೋಡೆಯಲ್ಲಿ ಒಂದು ದಿಡ್ಡಿ ಬಾಗಿಲಾದರೂ ಬಿದ್ದಿತೆಂದು ನನಗೆ ಸಂತೋಷವಾಯಿತು.

ಆದರೆ ಈಗ ಬೆಳಗಿನ ಹೊತ್ತು ಗುಬ್ಬಿಯ ರಸ್ತೆಯಲ್ಲಿ ನಿಂತು ನೋಡಿರಿ. ಖಾಸಗಿ ಇಂಗ್ಲಿಷ್ ಶಾಲೆಗಳ ಹಳದಿ ಬಸ್ಸುಗಳು ಹಳ್ಳಿಗಳ ಮಕ್ಕಳನ್ನು ತುಂಬಿಕೊಂಡು, ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಮುಂದೆಯೇ ಹಾದು, ಪೇಟೆಯ ಕಡೆಗೆ ಹೋಗುತ್ತವೆ. ಫೀಜು ಕೊಡಬಲ್ಲವರು ಪುನಃ ಊರನ್ನು ಬಿಡುತ್ತಿದ್ದಾರೆ. ಕೊಡಲಾರದವರು ನಡೆದುಹೋಗುವ ದೂರದ ಶಾಲೆಯಲ್ಲಿ ಉಳಿಯುತ್ತಾರೆ. ಅವರಿಗಿಂತಲೂ ಬಡವರಾದವರು ಬೇಸಿಗೆಯ ರಜ ಮುಗಿಯುವ ಹೊತ್ತಿಗೆ, ಉತ್ತರದ ಬರದ ಜಿಲ್ಲೆಗಳಿಂದ ಕೂಡ, ಒಂದು ತಗಡಿನ ಟ್ರಂಕನ್ನೂ ಮಗನ ಕೈಯನ್ನೂ ಹಿಡಿದುಕೊಂಡು ಕ್ಯಾತಸಂದ್ರದಲ್ಲಿ ಇಳಿದು, ಮಠದ ಕಡೆಗೆ ದಾರಿ ಕೇಳುತ್ತಾರೆ.