ಕೆಟ್ಟ ಹಾರ್ಡ್ ಡಿಸ್ಕಿಗೆ ಕೈಹಚ್ಚುವ ಮುನ್ನ



ಹೊರನಾಡಿನ ಬಹುಪಾಲು ಸಂಘಗಳಿಗೆ ಪತ್ರಾಗಾರವೆಂಬುದಿಲ್ಲ. ನಾವಾಡಿದ ನಾಟಕ, ನಡೆಸಿದ ರಾಜ್ಯೋತ್ಸವ, ಅಗಲಿದ ಹಿರಿಯರ ದನಿ, ಇವೆಲ್ಲ ಕ್ಯಾಸೆಟ್ಟಿನಿಂದ ಗಣಕಕ್ಕೇರಿ, ಯಾರದೋ ಮನೆಯ ಕಪಾಟಿನ ಒಂದೇ ಹಾರ್ಡ್ ಡಿಸ್ಕಿನಲ್ಲಿ ಜೀವ ಹಿಡಿದುಕೊಂಡಿರುತ್ತವೆ. ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಅವುಗಳ ಪ್ರತಿಯಿಲ್ಲ. ಆ ಡಿಸ್ಕು ಕೆಟ್ಟ ದಿನ ಏನು ಮಾಡಬಾರದೆಂಬುದೇ ಇಂದಿನ ನನ್ನ ವಿಷಯ.

ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವನ್ನು ಓದುವ ಸೂಕ್ಷ್ಮ ಹೆಡ್ಡು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಸಾಧಾರಣ ಧೂಳಿನ ಕಣವೂ ಆ ಅಂತರಕ್ಕಿಂತ ನೂರಾರು ಪಟ್ಟು ದೊಡ್ಡದು. ಟಕ್ ಟಕ್ ಎಂಬ ಸದ್ದು ಕೇಳಿತೆಂದರೆ ಹೆಡ್ಡು ಜಾಡು ಸಿಗದೆ ತಡಕಾಡುತ್ತಿದೆಯೆಂದೇ ತಿಳಿಯಬೇಕು; ತಟ್ಟೆಯನ್ನು ಗೀರುತ್ತಲೂ ಇರಬಹುದು. ಗೀರಿದೆಡೆ ಕಾಂತೀಯ ಲೇಪವೇ ಪುಡಿಯಾಗುತ್ತದೆ. ಅಲ್ಲಿದ್ದುದನ್ನು ಯಾವ ತಜ್ಞನೂ ಮರಳಿ ತರಲಾರ. ಆದರೂ ನಾವು ‘ಇನ್ನೊಂದು ಸಲ ನೋಡೋಣ’ ಎಂದು ವಿದ್ಯುತ್ತು ಕೊಡುತ್ತಲೇ ಇರುತ್ತೇವೆ. ಫ್ರಿಜ್ಜಿನಲ್ಲಿಡುವ ಮನೆಮದ್ದೂ ಒಂದುಂಟು. ಹೊರತೆಗೆದೊಡನೆ ಒಳಗೆ ತೇವ ಕಟ್ಟುತ್ತದೆ, ಅದೂ ಕೋಲ್ಕತ್ತದ ಆಷಾಢದಲ್ಲಿ!

2020ರ ಮೇ 20ರಂದು ಆಂಫಾನ್ ಚಂಡಮಾರುತ ಬಡಿದಾಗ ಕಾಲೇಜ್ ಸ್ಟ್ರೀಟಿನ ಪುಸ್ತಕಗಳು ನೀರಿನಲ್ಲಿ ತೇಲಿದವು. ಪುಸ್ತಕವನ್ನು ಒಣಗಿಸಬಹುದು, ನೆನೆದ ಡಿಸ್ಕನ್ನು ಬಿಸಿಲಿಗಿಡಬಾರದು. ನೀರು ಆರಿದಂತೆ ಕೆಸರೂ ಲವಣವೂ ತಟ್ಟೆಗೆ ಅಂಟುತ್ತವೆ. ಒದ್ದೆಯಾಗಿರುವಂತೆಯೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಜ್ಞರಿಗೆ ತಲುಪಿಸಬೇಕು.

ತಜ್ಞರ ಸಾಮರ್ಥ್ಯವನ್ನು ಕಡೆಗಣಿಸದಿರೋಣ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ ಸಿಡಿದು ಚೂರಾಯಿತು. ಅವಶೇಷಗಳಲ್ಲಿ ಸುಟ್ಟು ಕರಕಲಾದ ಡಿಸ್ಕೊಂದು ದೊರೆಯಿತು. ಅಮೆರಿಕದ ತಜ್ಞರು ಅದರ ತಟ್ಟೆಗಳನ್ನು ತೊಳೆದು, ಬೇರೆ ಡ್ರೈವಿಗೆ ಕೂರಿಸಿ, ಸುಮಾರು ಶೇಕಡ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಅದರಲ್ಲಿದ್ದ ಕ್ಸೆನಾನ್ ಅನಿಲದ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ಬೆಂಕಿ ಉಳಿಸಿದ್ದನ್ನು ನಮ್ಮ ಸ್ಕ್ರೂಡ್ರೈವರ್ ಉಳಿಸಲಾರದು.

ಹಾಗೆಂದು ಎಲ್ಲಕ್ಕೂ ತಜ್ಞರು ಬೇಡ. ಮೊದಲು ಕೇಬಲ್ ಬದಲಿಸಿ ನೋಡಿ. ಕಡತ ಕೈತಪ್ಪಿ ಅಳಿಸಿಹೋಗಿದ್ದರೆ ಆ ಡಿಸ್ಕಿಗೆ ಏನನ್ನೂ ಬರೆಯದೆ, ತಂತ್ರಾಂಶದಿಂದ ಬೇರೆ ಡಿಸ್ಕಿಗೆ ಮರಳಿ ಪಡೆಯಬಹುದು. ಸದ್ದಿಲ್ಲದೆ ನಿಧಾನವಾಗಿ ಓದುತ್ತಿದ್ದರೆ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು. ದುರಸ್ತಿಯೇನಿದ್ದರೂ ಆ ಪ್ರತಿಯ ಮೇಲೆ. ಇರುವುದೊಂದೇ ಪ್ರತಿ, ಅದಿಲ್ಲದೆ ಆಗದು ಎನ್ನುವಂತಿದ್ದರೆ ಇಷ್ಟಕ್ಕೂ ಕೈಹಾಕದಿರುವುದು ಲೇಸು.

ಚಾಂದನಿ ಚೌಕದ ರಿಪೇರಿಯವರ ಕೈಚಳಕ ಬಲ್ಲೆ. ಆದರೆ ಡಿಸ್ಕು ಕೊಡುವ ಮುನ್ನ ಕೇಳಿ: ಎಲ್ಲಿ ಬಿಚ್ಚುತ್ತೀರಿ, ಧೂಳಿಲ್ಲದ ಕೊಠಡಿಯುಂಟೆ? ಏನೂ ಸಿಗದಿದ್ದರೆ ಎಷ್ಟು ಕೊಡಬೇಕು? ಉತ್ತರ ತಡವರಿಸಿದರೆ ಡಿಸ್ಕನ್ನು ಮನೆಗೆ ತನ್ನಿ. ವಿದ್ಯುತ್ತು ಕೊಡದ ಡಿಸ್ಕು ಕೆಲವು ತಿಂಗಳು ಕಾದಿರಬಲ್ಲದು. ಅಷ್ಟರಲ್ಲಿ ಸಂಘ ಹಣ ಕೂಡಿಸಬಹುದು.