ಮಾತ್ರೆಯನ್ನು ದೂರುವ ಮುನ್ನ



ಎರಡು ವರ್ಷ ನಮ್ಮ ಅಪ್ಪನ ಬಿಪಿ 160ರಿಂದ ಕೆಳಗಿಳಿಯಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದರೂ ಅಷ್ಟೇ. “ಈ ಮಾತ್ರೆ ನನಗೆ ಹಿಡಿಯೋಲ್ಲ” ಅನ್ನುತ್ತಿದ್ದರು. ನಾನು ಬೆಂಗಳೂರಿನಿಂದ ಫೋನ್ ಮಾಡಿ, “ಮಾತ್ರೆ ತಗೊಂಡ್ರಾ ಅಪ್ಪಾ?” ಎಂದು ಕೇಳಿ ಸುಮ್ಮನಾಗುತ್ತಿದ್ದೆ.

ದೀಪಾವಳಿಗೆ ಬಂದಾಗ ಡಬ್ಬಿ ತೆರೆದು ನೋಡಿದೆ. ಬಿಪಿ ಮಾತ್ರೆ ತಲೆ ಸುತ್ತಿದ ದಿನ ಮಾತ್ರ. ಮಂಡಿನೋವಿಗೆ ತಾವೇ ತಂದ ಡೈಕ್ಲೋಫೆನಾಕ್ ದಿನಾ ಎರಡು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ತಪ್ಪದು. ಇಂಥ ನೋವಿನ ಮಾತ್ರೆ ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಎಂದರು ಡಾಕ್ಟರು. ಅಷ್ಟರಲ್ಲಿ ಅಪ್ಪನ ಮೂತ್ರಪಿಂಡ ಸ್ವಲ್ಪ ಸೋತಿತ್ತು.

ಕಂಪ್ಯೂಟರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಯ ಡಬ್ಬಿ ಮಾತ್ರ ನೋಡಿರಲಿಲ್ಲ.

ಈಗ ಅಪ್ಪ ದಿನಾ ಮಾತ್ರೆ ನುಂಗುತ್ತಾರೆ, ನೋವಿನ ಮಾತ್ರೆ ಬಿಟ್ಟಿದ್ದಾರೆ. ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ಮೀರಬಾರದು. ಬಿಪಿ 136ಕ್ಕೆ ಬಂದಿದೆ.

ಇಷ್ಟೆಲ್ಲ ಸರಿಯಿದ್ದು, ಮೂರು ಬಗೆಯ ಮಾತ್ರೆಗೂ ಬಿಪಿ ಇಳಿಯದಿದ್ದರೆ ಬೇರೆ ಕಾರಣವಿರಬಹುದು, ಪರೀಕ್ಷೆ ಬೇಕು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಹೊರಗೆ ದುಡಿಯುವ ಗೆಳೆಯರೇ, ಊರಿಗೆ ಬಂದಿದ್ದೀರಿ. ಇವತ್ತು ರಾತ್ರಿ ಅಪ್ಪ, ಅಮ್ಮನ ಮಾತ್ರೆ ಡಬ್ಬಿ ಒಮ್ಮೆ ತೆರೆದು ನೋಡಿ.